ಬಂಡೆಯ ಮೇಲಿನ ಸವಾರ

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದಲೇ ಕೇಳುತ್ತ ಬಂದಿದ್ದೇವೆ. ಕಂಡದ್ದನ್ನು ಮತ್ತೆ ಪ್ರಮಾಣಿಸಿ ನೋಡುವುದು ಎಷ್ಟು ಕಷ್ಟದ ಕೆಲಸವೆಂಬುದು ಮಾತ್ರ ನನಗೆ ಮನವರಿಕೆಯಾದದ್ದು ಇತ್ತೀಚೆಗೆ, ಪಾಲಕೋಡಿನ ಬಂಧುಗಳೊಬ್ಬರ ಮನೆಯ ಜಗಲಿಯ ಮೇಲೆ, ಒಬ್ಬ ಶಾಲಾ ಬಾಲಕನ ನೋಟುಪುಸ್ತಕದ ಹಾಳೆಯೊಂದರ ಮುಂದೆ.

ಮದುವೆಯ ಕರೆಯೋಲೆ ಕೊಡುವ ನೆಪದಲ್ಲಿ ಆ ಮನೆಗೆ ಹೋಗಿದ್ದೆ. ಹಿರಿಯರು ಎಂಬತ್ತನ್ನು ಸಮೀಪಿಸಿದವರು. ಮನೆಯಲ್ಲಿ ಕನ್ನಡದ ಹೊರತು ಬೇರೆ ಮಾತನ್ನಾಡದವರು. ಮಗ ಪೇಟೆಯಲ್ಲಿ ವ್ಯಾಪಾರಸ್ಥ. ಮೊಮ್ಮಗ ತಮಿಳು ಶಾಲೆಯಲ್ಲಿ ಓದುವ ಹುಡುಗ. ಕನ್ನಡವನ್ನು ಚೆನ್ನಾಗಿ ಆಡಬಲ್ಲ, ಓದಲಾರ, ಬರೆಯಲಾರ. ಗಡಿಯಾಚೆ ಬದುಕುವ ನಮ್ಮ ಅನೇಕ ಮನೆಗಳ ಚಿತ್ರವೇ ಇದು, ಹೆಚ್ಚು ವಿವರಿಸಬೇಕಾದುದಿಲ್ಲ.

ಆ ಹುಡುಗನನ್ನು ಅವನ ಗೆಳೆಯರೊಂದಿಗೆ ಬರ್ಗೂರಿನ ಬಳಿಯ ಮಲ್ಲಪಾಡಿಗೆ ಕರೆದೊಯ್ದಿದ್ದರಂತೆ. ಅಲ್ಲಿಯ ಬಂಡೆಯ ಮೇಲೆ ಬಿಳಿಯ ಗೆರೆಗಳಲ್ಲಿ ಬರೆದಿರುವ ಹಳೆಯ ಚಿತ್ರವನ್ನು ಅವನು ಪೆನ್ಸಿಲಿನಿಂದ ನಕಲು ಮಾಡಿಕೊಂಡು ಬಂದಿದ್ದ. ಕುದುರೆಯ ಮೇಲೆ ಕುಳಿತ ಒಬ್ಬ ಮನುಷ್ಯ. ಕೈಯಲ್ಲಿ ಉದ್ದನೆಯ ಏನೋ ಒಂದು.

ಹಾಳೆಯನ್ನು ನೋಡಿದೊಡನೆಯೇ ಹಿರಿಯರು, "ಇವನು ನೊಳಂಬರ ರಾವುತ. ನಮ್ಮವನು" ಎಂದು ತೀರ್ಪಿತ್ತರು. ಮಗನು, "ಅಲ್ಲಪ್ಪ, ತಗಡೂರಿನ ಅದಿಯಮಾನನ ಕಡೆಯ ವೀರನಿರಬೇಕು" ಎಂದ. ಒಳಗಿನಿಂದ ಕಾಫಿ ತಂದ ಸೊಸೆ, "ಊರ ಹೊರಗೆ ಅಯ್ಯನಾರನಿಗೆ ಮಣ್ಣಿನ ಕುದುರೆ ಒಪ್ಪಿಸುವುದಿಲ್ಲವೇ? ಅಂಥದ್ದೇ ಹರಕೆಯ ಕುದುರೆ" ಎಂದಳು. ಎಲ್ಲರೂ ನನ್ನ ಮುಖ ನೋಡಿದರು. ಪತ್ರಿಕೆಗೆ ಬರೆಯುವವನೆಂಬ ಸಣ್ಣ ಹಮ್ಮು ನನಗಿತ್ತು. ಸವಾರನ ನಡುವಿನಿಂದ ಓರೆಯಾಗಿ ಇಳಿದಿದ್ದ ಒಂದು ಗೆರೆಯನ್ನು ಬೆರಳಿನಿಂದ ತೋರಿಸಿ, "ಇದು ಒರೆಯಲ್ಲಿರುವ ಕತ್ತಿ. ಕತ್ತಿಯನ್ನು ಹೀಗೆ ಕಟ್ಟಿಕೊಳ್ಳುವುದು ಪಾಳೆಯಗಾರರ ಕಾಲದ ಪದ್ಧತಿ. ಆದುದರಿಂದ ಚಿತ್ರ ಅಷ್ಟೇನೂ ಹಳೆಯದಲ್ಲ" ಎಂದು ಸಾಕಷ್ಟು ಗಾಂಭೀರ್ಯದಿಂದಲೇ ಹೇಳಿಬಿಟ್ಟೆ.

ಹುಡುಗ ನಕ್ಕ. "ಅದು ಬಂಡೆಯ ಮೇಲೆ ಇಲ್ಲ ಮಾಮ. ಹಿಂದಿನವನು ತಳ್ಳಿದ, ನನ್ನ ಪೆನ್ಸಿಲ್ ಜಾರಿತು" ಎಂದ.

ಮನೆಯವರೆಲ್ಲ ನಕ್ಕರು; ನಾನೂ ನಕ್ಕೆ. ಆದರೆ ನಗು ಮುಗಿದ ಮೇಲೆ ಹುಡುಗ ಕೇಳಿದ ಪ್ರಶ್ನೆ ಇನ್ನೂ ನನ್ನೊಡನೆ ಉಳಿದಿದೆ. "ಇದನ್ನು ಬರೆದವರು ಯಾರು? ಅವರು ಯಾವ ಭಾಷೆ ಆಡುತ್ತಿದ್ದರು?" ಆ ಹೊತ್ತು ನಮ್ಮಲ್ಲಿ ಯಾರೂ ಉತ್ತರ ಕೊಡಲಿಲ್ಲ. ಈ ತಿಂಗಳ ಅಂಕಣವನ್ನು ಆ ಬಾಲಕನಿಗೆ ನಾನು ಸಲ್ಲಿಸಬೇಕಾದ ಉತ್ತರವೆಂದು ವಾಚಕರು ಭಾವಿಸಬೇಕಾಗಿ ಅರಿಕೆ.

ಮೊದಲು ಚಿತ್ರವಿರುವ ನೆಲದ ಪರಿಚಯ ಆಗಬೇಕು. ಹಿಂದೆ ಬಾರಾಮಹಲ್ ಎಂದು ಕರೆಯಲ್ಪಡುತ್ತಿದ್ದ ಪ್ರದೇಶವಿದು. ೧೭೯೨ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಟೀಪು ಸುಲ್ತಾನನ ಕೈತಪ್ಪಿ ಇಂಗ್ಲಿಷರಿಗೆ ಸೇರಿತು. ಅನಂತರ ಸೇಲಂ ಜಿಲ್ಲೆಯ ಭಾಗವಾಯಿತು. ೧೯೬೫ರಲ್ಲಿ ಸೇಲಮಿನಿಂದ ಧರ್ಮಪುರಿ ಜಿಲ್ಲೆ ಬೇರ್ಪಟ್ಟಿತು. ೨೦೦೪ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ ಬೇರ್ಪಟ್ಟಿತು. ಪಾಲಕೋಡ್ ಧರ್ಮಪುರಿಯಲ್ಲಿ ಉಳಿಯಿತು. ಮಲ್ಲಪಾಡಿ ಕೃಷ್ಣಗಿರಿಗೆ ಹೋಯಿತು. ಕಾಗದದ ಮೇಲೆ ಗೆರೆಗಳು ಹೀಗೆ ಹಲವು ಬಾರಿ ಬದಲಾದರೂ ಬಂಡೆಯ ಮೇಲಿನ ಗೆರೆ ಇದ್ದಲ್ಲಿಯೇ ಇದೆ.

ಮಲ್ಲಪಾಡಿಯ ಚಿತ್ರಗಳನ್ನು ವಿದ್ವಜ್ಜನರ ಗಮನಕ್ಕೆ ತಂದವರು ಮದರಾಸು ವಿಶ್ವವಿದ್ಯಾನಿಲಯದ ಪ್ರಾಚೀನ ಇತಿಹಾಸ ಮತ್ತು ಪುರಾತತ್ತ್ವ ವಿಭಾಗದವರು. ಅದು ೧೯೭೦ರ ದಶಕದ ಕೊನೆಯ ಭಾಗ. ತಮಿಳುನಾಡಿನಲ್ಲಿ ಶಿಲಾಚಿತ್ರಗಳ ಶೋಧಕ್ಕೆ ಅದು ದೊಡ್ಡ ಪ್ರೇರಣೆಯಾಯಿತು. ಅಲ್ಲಿ ಮುಖ್ಯವಾಗಿ ಕಾಣುವುದು ಕುದುರೆಯೇರಿದ ಇಬ್ಬರು, ಆಯುಧದಂತಹುದನ್ನು ಹಿಡಿದು ಎದುರುಬದುರಾದವರು. ಬಣ್ಣ ಬಿಳುಪು. ಕೃಷ್ಣಗಿರಿಯ ಸಮೀಪದ ಮಲ್ಲಚಂದ್ರಂ ಎಂಬಲ್ಲಿಯ ಗುಡ್ಡದ ಮೇಲೂ ಇಂತಹ ಬಿಳಿಯ ಚಿತ್ರಗಳಿವೆ. ಆದರೆ ಅವು ಇರುವುದು ತೆರೆದ ಬಂಡೆಯ ಮೇಲಲ್ಲ, ಕಲ್ಲುಮನೆಗಳ ಒಳಗೆ. ನಾಲ್ಕು ಕಡೆ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ ಕಟ್ಟಿದ ಪ್ರಾಚೀನ ಸಮಾಧಿಗಳವು. ಅವುಗಳ ಒಳಮೈಯಲ್ಲಿ ಮನುಷ್ಯರು, ಸವಾರರು, ಪ್ರಾಣಿಗಳು, ಚೌಕ ಮತ್ತು ವೃತ್ತದಂತಹ ಆಕೃತಿಗಳು ಬರೆಯಲ್ಪಟ್ಟಿವೆ. ಒಂದರಲ್ಲಿಯೂ ಬರೆದವನ ಹೆಸರಿಲ್ಲ. ಹೆಸರು ಬರೆಯಬೇಕೆಂಬ ಆಸೆಯೇ ಅವನಿಗೆ ಇರಲಿಲ್ಲವೋ, ಅಕ್ಷರವೆಂಬುದೇ ಆಗ ಇರಲಿಲ್ಲವೋ.

ಇಂತಹ ಚಿತ್ರದ ಮುಂದೆ ನಿಂತಾಗ ಮನಸ್ಸು ಮಾಡುವ ಮೊದಲನೆಯ ತಪ್ಪೆಂದರೆ ನೋಡುವ ಮುಂಚೆಯೇ ಹೆಸರಿಡುವುದು. "ಯುದ್ಧ" ಎಂದು ಹೆಸರಿಟ್ಟೊಡನೆ ಕೋಲು ಈಟಿಯಾಗುತ್ತದೆ, ಎತ್ತಿದ ಕೈ ಹೊಡೆಯುವ ಕೈಯಾಗುತ್ತದೆ, ಎದುರಿಗಿರುವವನು ಶತ್ರುವಾಗುತ್ತಾನೆ. "ಹಬ್ಬ" ಎಂದು ಹೆಸರಿಟ್ಟರೆ ಅದೇ ಕೋಲು ಕೋಲಾಟದ ಕೋಲಾಗುತ್ತದೆ, ಅದೇ ಕೈ ಕುಣಿಯುವ ಕೈ, ಎದುರಿಗಿರುವವನು ಜೊತೆಗಾರ. ಗೆರೆಗಳು ಬದಲಾಗಿಲ್ಲ, ಬದಲಾದುದು ನಾವು ಇಟ್ಟ ಹೆಸರು.

ಆದುದರಿಂದ ಒಂದು ಹಾಳೆಯನ್ನು ಎರಡು ಭಾಗ ಮಾಡಿಕೊಳ್ಳುವುದು ಒಳ್ಳೆಯದು. ಎಡಗಡೆ "ಕಂಡದ್ದು", ಬಲಗಡೆ "ಊಹಿಸಿದ್ದು". ನಾಲ್ಕು ಕಾಲಿನ ಒಂದು ಪ್ರಾಣಿ; ಅದರ ಮೇಲೆ ಎರಡು ಕೈಗಳ ಒಂದು ಆಕೃತಿ; ಕೈಯಿಂದ ಹೊರಟ ಒಂದು ನೀಳ ಗೆರೆ. ಇಷ್ಟು ಎಡಗಡೆಗೆ ಸೇರತಕ್ಕದ್ದು. ಪ್ರಾಣಿ ಕುದುರೆಯೆಂಬುದು ಕತ್ತಿನ ಬಾಗು, ಬಾಲ, ಮೇಲೆ ಕುಳಿತ ಸವಾರ ಇವುಗಳಿಂದ ಮಾಡಿದ ಊಹೆ. ಬಲವಾದ ಊಹೆಯೇ, ಆದರೂ ಬಲಗಡೆಯದು. ನೀಳ ಗೆರೆ ಆಯುಧವೆಂಬುದು ಅದಕ್ಕಿಂತ ಸ್ವಲ್ಪ ದುರ್ಬಲವಾದ ಊಹೆ. ಸವಾರ ಅರಸನೆಂಬುದು, ಗೆದ್ದವನೆಂಬುದು, ಸತ್ತವನೆಂಬುದು ಇನ್ನೂ ದುರ್ಬಲ. ಅವನು ನಮ್ಮವನೆಂಬುದಂತೂ ಊಹೆಯೂ ಅಲ್ಲ, ಆಸೆ. ಆಸೆ ಪಡುವುದು ತಪ್ಪಲ್ಲ. ಆಸೆಯನ್ನು ಎಡಗಡೆಯ ಸಾಲಿನಲ್ಲಿ ಬರೆಯುವುದು ತಪ್ಪು.

ಇನ್ನೊಂದು ಮಾತು. ನಾನು ತೀರ್ಪು ಹೇಳಿದ್ದು ಬಂಡೆಯನ್ನು ನೋಡಿಯಲ್ಲ, ನಕಲನ್ನು ನೋಡಿ. ಪುಸ್ತಕಗಳಲ್ಲಿ ಅಚ್ಚಾಗುವ ಶಿಲಾಚಿತ್ರಗಳಲ್ಲಿ ಬಹಳಷ್ಟು ಯಾರೋ ಒಬ್ಬರ ಕೈ ನಕಲುಗಳೇ. ನಕಲು ಮಾಡುವವನು ಮಾಸಿದ ಗೆರೆಯನ್ನು ತನಗೆ ತೋಚಿದಂತೆ ಪೂರ್ಣಗೊಳಿಸುತ್ತಾನೆ. ಬಂಡೆಯ ಬಿರುಕನ್ನು ಕೆಲವೊಮ್ಮೆ ಈಟಿಯೆಂದು ಎಳೆದುಬಿಡುತ್ತಾನೆ. ವಯನಾಡಿನ ಎಡಕಲ್ಲು ಗುಹೆಯ ಉದಾಹರಣೆಯನ್ನು ನೋಡಬಹುದು. ೧೯ನೆಯ ಶತಮಾನದ ಕೊನೆಯಲ್ಲಿ ಫ್ರೆಡ್ ಫಾಸೆಟ್ ಎಂಬ ಪೊಲೀಸ್ ಅಧಿಕಾರಿ ಅಲ್ಲಿಯ ಕೊರೆದ ಆಕೃತಿಗಳನ್ನು ಹೊರಜಗತ್ತಿಗೆ ತಿಳಿಸಿದಂದಿನಿಂದ ಪ್ರತಿಯೊಂದು ತಲೆಮಾರೂ ಅವುಗಳಲ್ಲಿ ತನಗೆ ಬೇಕಾದುದನ್ನು ಕಂಡಿದೆ. ೨೦೦೯ರಲ್ಲಿ ಅಲ್ಲಿ ಪಾತ್ರೆಯೊಂದಿಗಿರುವ ಮನುಷ್ಯನ ಆಕೃತಿಯನ್ನು ಗುರುತಿಸಿ, ಅದು ಸಿಂಧೂ ಕೊಳ್ಳದ ಮುದ್ರೆಗಳ ಚಿಹ್ನೆಯನ್ನು ಹೋಲುತ್ತದೆಂದು ವಾದಿಸಲಾಯಿತು. ಹೋಲಿಕೆ ಕಾಣುವುದು ಕಣ್ಣಿನ ಗುಣ. ಸಂಬಂಧವನ್ನು ಸಾಧಿಸಿ ತೋರಿಸುವುದು ಬೇರೆಯದೇ ಶ್ರಮ.

ಇನ್ನು ಕಾಲದ ಪ್ರಶ್ನೆ. ಎಷ್ಟು ಹಳೆಯದು ಎಂದು ಎಲ್ಲರೂ ಕೇಳುತ್ತಾರೆ. ಮರದ ಇದ್ದಿಲು ಸಿಕ್ಕರೆ ಅದರಲ್ಲಿರುವ ಇಂಗಾಲವನ್ನು ಅಳೆದು ಕಾಲವನ್ನು ಹೇಳಬಹುದು. ಆದರೆ ಬಿಳಿಯ ಜೇಡಿಮಣ್ಣು ಸಜೀವ ವಸ್ತುವಲ್ಲ. ಕೆಂಪು ಕಾವಿಯೂ ಅಲ್ಲ. ಬಣ್ಣಕ್ಕೆ ಅಂಟಾಗಿ ಬೆರೆಸಿದ ಗಿಡದ ರಸವೋ ಮತ್ತಾವುದೋ ಉಳಿದಿದ್ದರೆ ಮಾತ್ರ ಆ ಪರೀಕ್ಷೆಗೆ ಅವಕಾಶ. ಹೀಗಾಗಿ ವಿದ್ವಾಂಸರು ಬೇರೆ ದಾರಿಗಳನ್ನು ಹಿಡಿಯಬೇಕಾಗುತ್ತದೆ. ಒಂದು ಚಿತ್ರದ ಮೇಲೆ ಇನ್ನೊಂದನ್ನು ಬರೆದಿದ್ದರೆ ಅಡಿಯದು ಮೊದಲಿನದು, ಮೇಲಿನದು ಅನಂತರದ್ದು. ಮಧ್ಯಪ್ರದೇಶದ ಭೀಮ್‌ಬೇಟ್ಕಾದ ಗವಿಗಳನ್ನು ವಿಷ್ಣು ಶ್ರೀಧರ ವಾಕಣಕರರು ೧೯೫೭ರಲ್ಲಿ ಕಂಡುಹಿಡಿದ ಮೇಲೆ, ಅಲ್ಲಿಯ ಚಿತ್ರಗಳ ಪದರಗಳನ್ನು ಹೀಗೆಯೇ ಬಿಡಿಸಿ ನೋಡಲಾಯಿತು. ಕಾಡುಪ್ರಾಣಿಗಳ ಬೇಟೆಯ ಚಿತ್ರಗಳು ಹಿಂದಿನವಾಗಿಯೂ, ಕುದುರೆ ಆನೆಗಳನ್ನೇರಿದ ಯೋಧರ ಸಾಲುಗಳು ಬಹಳ ಈಚಿನವಾಗಿಯೂ ಕಂಡುಬಂದವು.

ಕುದುರೆಯೇ ಒಂದು ಸಾಕ್ಷಿ. ನಮ್ಮ ದಕ್ಷಿಣದ ಕಾಡುಗಳಲ್ಲಿ ತಾನಾಗಿ ಹುಟ್ಟಿ ಬೆಳೆದ ಪ್ರಾಣಿ ಅದಲ್ಲ. ಹೊರಗಿನಿಂದ ಬಂದು ಮನುಷ್ಯನ ಸಂಗಡ ನೆಲೆಸಿದುದು. ವಿದರ್ಭದ ಮಾಹುರ್‌ಝರಿಯ ಕಬ್ಬಿಣಯುಗದ ಸಮಾಧಿಗಳಲ್ಲಿ ಕುದುರೆಯ ಅವಶೇಷಗಳೂ ಕಡಿವಾಣಗಳೂ ಸಿಕ್ಕಿವೆ. ಆದುದರಿಂದ ಸವಾರನನ್ನು ಬರೆದ ಕೈ ಕುದುರೆಯ ಮೇಲೆ ಮನುಷ್ಯ ಕುಳಿತುದನ್ನು ಕಂಡ ಅಥವಾ ಕೇಳಿದ ಕಾಲದ್ದು ಎಂದಷ್ಟು ಹೇಳಬಹುದು. ಬಾರಾಮಹಲಿನ ಬಿಳಿಯ ಚಿತ್ರಗಳನ್ನು ವಿದ್ವಾಂಸರಲ್ಲಿ ಅನೇಕರು ಕಬ್ಬಿಣಯುಗದ ಸಂಸ್ಕೃತಿಯೊಂದಿಗೆ ಸೇರಿಸುವುದು ಇಂತಹ ಕಾರಣಗಳಿಂದ. ಆದರೆ ಇಲ್ಲಿಯೂ ಎಚ್ಚರ ಬೇಕು. ಸಮಾಧಿಯ ಒಳಗೋಡೆಯ ಮೇಲೆ ಚಿತ್ರವಿದೆಯೆಂದ ಮಾತ್ರಕ್ಕೆ ಸಮಾಧಿಯೂ ಚಿತ್ರವೂ ಒಂದೇ ದಿನದವಾಗಬೇಕಾಗಿಲ್ಲ. ಅಜ್ಜ ಕಟ್ಟಿಸಿದ ಮನೆಗೆ ಮೊಮ್ಮಗ ಸುಣ್ಣ ಬಳಿಯುವುದಿಲ್ಲವೇ? ಮಳೆಗೆ ಆಶ್ರಯ ಬೇಡಿ ಕಲ್ಲುಮನೆಯೊಳಗೆ ನುಸುಳಿದ ಕುರುಬನೊಬ್ಬ ಎಷ್ಟೋ ಶತಮಾನಗಳ ಬಳಿಕ ಬೇಸರ ಕಳೆಯಲು ಗೆರೆ ಎಳೆದಿರಲೂಬಹುದು.

ಕಬ್ಬಿಣಯುಗವೆಂಬ ಮಾತಿನ ಅರ್ಥವೇ ಈಚೆಗೆ ಹಿಂದಕ್ಕೆ ಸರಿಯುತ್ತಿದೆ. ಅದೇ ಕೃಷ್ಣಗಿರಿ ಜಿಲ್ಲೆಯ ಮಯಿಲಾಡುಂಪಾರೈ ಎಂಬಲ್ಲಿ ಅಗೆದಾಗ ದೊರೆತ ಮಾದರಿಯೊಂದರ ಆಧಾರದಿಂದ, ಅಲ್ಲಿ ಕಬ್ಬಿಣದ ಬಳಕೆ ಕ್ರಿ.ಪೂ. ೨೧೭೨ರಷ್ಟು ಹಿಂದಿನದೆಂದು ತಮಿಳುನಾಡು ಸರ್ಕಾರ ೨೦೨೨ರಲ್ಲಿ ಪ್ರಕಟಿಸಿತು. ಮೂರು ವರ್ಷ ಕಳೆಯುವಷ್ಟರಲ್ಲಿ, ೨೦೨೫ರಲ್ಲಿ, ತೂತ್ತುಕುಡಿ ಜಿಲ್ಲೆಯ ಶಿವಗಳೈಯ ಕಾಲಗಣನೆ ಅದಕ್ಕಿಂತಲೂ ಸಾವಿರ ವರ್ಷ ಹಿಂದಕ್ಕೆ ಹೋಯಿತು. ಇಂದು ಖಚಿತವೆಂದು ಬರೆದದ್ದನ್ನು ನಾಳೆ ತಿದ್ದಬೇಕಾದೀತು. ಬಂಡೆಯ ಮೇಲೆ ಬರೆದ ಗೆರೆಗಿಂತ ನಮ್ಮ ವಿವರಣೆಯ ಗೆರೆ ಬೇಗ ಮಾಸುತ್ತದೆ.

ಹಾಗಾದರೆ ಚಿತ್ರದ ಅರ್ಥವನ್ನು ತಿಳಿಯಲು ಮಾರ್ಗವೇ ಇಲ್ಲವೇ? ಇದೆ. ಮಾತನಾಡದ ಚಿತ್ರದ ಪಕ್ಕದಲ್ಲಿ ಮಾತನಾಡುವ ಚಿತ್ರವನ್ನಿಟ್ಟು ನೋಡುವುದು. ನಮ್ಮ ಪುಣ್ಯಕ್ಕೆ ಈ ಸೀಮೆಯಲ್ಲಿ ಅಂತಹ ಚಿತ್ರಗಳು ಹೇರಳವಾಗಿವೆ. ತಮಿಳರು ನಡುಕಲ್ ಎನ್ನುತ್ತಾರೆ; ನಾವು ವೀರಗಲ್ಲು ಎನ್ನುತ್ತೇವೆ. ಧರ್ಮಪುರಿಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಅವುಗಳನ್ನು ಸಾಲಾಗಿ ನಿಲ್ಲಿಸಿದ್ದಾರೆ. ಹೊಲದ ಬದುಗಳಲ್ಲಿ ಇನ್ನೂ ಎಷ್ಟೋ ನಿಂತಿವೆ. ಕೆಲವಕ್ಕೆ ವೇಡಿಯಪ್ಪನೆಂಬ ಹೆಸರಿನಲ್ಲಿ ಇಂದಿಗೂ ಪೂಜೆ ಸಲ್ಲುತ್ತದೆ. ಇವುಗಳನ್ನು ಕೆತ್ತಿದವರ ಹೆಸರೂ ಸಾಮಾನ್ಯವಾಗಿ ತಿಳಿಯದು. ಆದರೆ ಅನೇಕ ಕಲ್ಲುಗಳ ಮೇಲೆ ಅಕ್ಷರವಿದೆ. ಆ ಅಕ್ಷರವೇ ಚಿತ್ರದ ಬಾಯಿ.

ಎರಡು ಕಲ್ಲುಗಳನ್ನು ಹೇಳುತ್ತೇನೆ. ತಿರುವಣ್ಣಾಮಲೆ ಜಿಲ್ಲೆಯ ಚೆಂಗಂ ಸೀಮೆಯ ಎಡುತ್ತನೂರಿನಲ್ಲಿ ೭ನೆಯ ಶತಮಾನದ, ಪಲ್ಲವ ಮಹೇಂದ್ರವರ್ಮನ ಕಾಲದ ಒಂದು ನಡುಕಲ್ ಇದೆ. ಬಿಲ್ಲು ಹಿಡಿದ ವೀರನ ಬಳಿ ಒಂದು ನಾಯಿ. ಬರಹವಿಲ್ಲದಿದ್ದರೆ ನಾವೆಲ್ಲರೂ, "ಬೇಟೆಗಾರ, ಅವನ ಬೇಟೆನಾಯಿ" ಎಂದು ಹೇಳಿ ಮುಂದೆ ಹೋಗುತ್ತಿದ್ದೆವು. ಬರಹ ಹೇಳುವುದೇ ಬೇರೆ. ಯಜಮಾನ ದನಗಳ ಕಾಳಗದಲ್ಲಿ ಮಡಿದಾಗ ಕೋವಿವನ್ ಎಂಬ ಹೆಸರಿನ ಆ ನಾಯಿ ಕಳ್ಳರನ್ನು ಕಚ್ಚಿ, ಅವನ ಬಳಿಯೇ ಕಾದು ನಿಂತಿತಂತೆ. ಅದು ಬೇಟೆಯ ಚಿತ್ರವಲ್ಲ, ನಿಷ್ಠೆಯ ಚಿತ್ರ.

ಇನ್ನೊಂದು ನಮ್ಮ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನದು; ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಸ್ವತ್ತು. ಕಾಲ ಕ್ರಿ.ಶ. ೯೪೯-೫೦. ಅದರ ಮೇಲೆ ಒಂದು ನಾಯಿ ಹಂದಿಯೊಂದಿಗೆ ಸೆಣಸುತ್ತಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ಗಂಗ ದೊರೆ ಬೂತುಗನು ಬೇಕಾದುದನ್ನು ಕೇಳೆಂದಾಗ, ಅವನು ಕೇಳಿದ್ದು ಊರನ್ನಲ್ಲ, ಹೊನ್ನನ್ನಲ್ಲ; ಕಾಳಿ ಎಂಬ ನಾಯಿಯನ್ನು. ಆ ಕಾಳಿ ಮುಂದೆ ದೊಡ್ಡ ಹಂದಿಯೊಂದಿಗೆ ಹೋರಾಡಿ ತಾನೂ ಸತ್ತಿತು, ಅದನ್ನೂ ಕೊಂದಿತು. ಅದರ ನೆನಪಿಗೆ ಕಲ್ಲು ನಿಂತಿತು. ಪೂಜೆಗೆ ಭೂಮಿಯೂ ಬಿಡಲ್ಪಟ್ಟಿತು.

ಒಂದು ತಮಿಳು ಕಲ್ಲು, ಒಂದು ಕನ್ನಡ ಕಲ್ಲು. ನಡುವೆ ಸುಮಾರು ಮುನ್ನೂರು ವರ್ಷ. ಭಾಷೆ ಬೇರೆ, ಲಿಪಿ ಬೇರೆ, ಅರಸುಮನೆ ಬೇರೆ. ಆದರೆ ಮನುಷ್ಯನಿಗಾಗಿ ಪ್ರಾಣವೊಡ್ಡಿದ ಪ್ರಾಣಿಯನ್ನು ಮರೆಯಬಾರದೆಂಬ ಮನಸ್ಸು ಒಂದೇ. ಇವೆರಡನ್ನೂ ಬಲ್ಲವನು ಮಲ್ಲಪಾಡಿಯ ಸವಾರನ ಮುಂದೆ ನಿಂತಾಗ ಎರಡು ಪಾಠಗಳನ್ನು ಕಲಿಯುತ್ತಾನೆ. ಅಕ್ಷರವಿಲ್ಲದ ಚಿತ್ರದಲ್ಲಿ ನಾವು ಊಹಿಸಿದುದಕ್ಕಿಂತ ಬೇರೆಯೇ ಆದ ಒಂದು ಕಥೆ ಇರಬಹುದೆಂಬುದು ಮೊದಲನೆಯದು. ಕುದುರೆ ಬರಿಯ ವಾಹನವಾಗಿರದೆ ಅದೇ ಚಿತ್ರದ ನಾಯಕನಾಗಿರಲೂಬಹುದೆಂಬುದು ಎರಡನೆಯದು. ಸವಾರನನ್ನೇ ನೋಡುತ್ತ ನಾವು ಕುದುರೆಯನ್ನು ನೋಡಿಯೇ ಇರಲಿಲ್ಲ.

ಈಗ ಹಿರಿಯರ ಮಾತಿಗೆ ಬರೋಣ. ಸವಾರ ನಮ್ಮವನೇ? ಹಿರಿಯರು ನೊಳಂಬರ ಹೆಸರೆತ್ತಿದ್ದು ಸುಮ್ಮನೆ ಅಲ್ಲ. ಧರ್ಮಪುರಿಯ ಹಳೆಯ ಹೆಸರು ತಗಡೂರು. ಶಕ ೮೧೫, ಅಂದರೆ ಕ್ರಿ.ಶ. ೮೯೩ರ ಕನ್ನಡ ಶಾಸನ ಅಲ್ಲಿ ದೊರೆತಿದೆ. ನೊಳಂಬ ಮಹೇಂದ್ರನ ಆಳ್ವಿಕೆಯಲ್ಲಿ ನಿಧಿಯಣ್ಣ, ಚಂದಿಯಣ್ಣ ಎಂಬ ಸೋದರರು ಅಲ್ಲಿ ಬಸದಿಯನ್ನು ಕಟ್ಟಿಸಿದುದನ್ನು ಅದು ತಿಳಿಸುತ್ತದೆ. ೧೩ನೆಯ ಶತಮಾನದಲ್ಲಿ ಹೊಯ್ಸಳ ರಾಮನಾಥನು ಇದೇ ಸೀಮೆಯ ಕುಂದಾಣಿಯಿಂದ ಆಳಿದ. ಪಾಲಕೋಡಿನ ಸುತ್ತ ಮಾರಂಡಹಳ್ಳಿ, ತಿಮ್ಮನಹಳ್ಳಿ ಎಂಬ ಊರುಗಳಿವೆ. ಕೆಸರುಗುಳಿಹಳ್ಳ ಎಂಬ ಹೆಸರಿನ ಜಲಾಶಯವೂ ಇದೆ. ಕನ್ನಡವು ಈ ಮಣ್ಣಿಗೆ ಹೊಸದಲ್ಲ ಎಂಬುದನ್ನು ಹೇಳಲು ಈ ಸಾಕ್ಷಿಗಳು ಧಾರಾಳವಾಗಿ ಸಾಕು.

ಮಗನ ಮಾತೂ ನಿರಾಧಾರವಲ್ಲ. ತಗಡೂರಿನ ಅದಿಯಮಾನ್ ನೆಡುಮಾನ್ ಅಂಜಿ ಸಂಗಂ ಸಾಹಿತ್ಯದಲ್ಲಿ ಪ್ರಸಿದ್ಧನಾದ ದಾನಿ. ಅವ್ವೈಯಾರ್ ಎಂಬ ಕವಯಿತ್ರಿಯ ಆಶ್ರಯದಾತ. ಅವನು ಬರಿಯ ಕವಿಕಲ್ಪನೆಯಲ್ಲವೆಂಬುದು ೧೯೮೧ರಲ್ಲಿ ಬೆಳಕಿಗೆ ಬಂದ ಜಂಬೈಯ ತಮಿಳು ಬ್ರಾಹ್ಮಿ ಶಾಸನದಿಂದ ದೃಢಪಟ್ಟಿತು. ಮಡಿದ ವೀರರಿಗೆ ಕಲ್ಲನ್ನು ಹುಡುಕಿ, ತಂದು, ನೀರಿನಲ್ಲಿ ನೆನೆಸಿ, ನೆಟ್ಟು, ಪೂಜಿಸಿ, ಹರಸುವ ಕ್ರಮವನ್ನು ತೊಲ್ಕಾಪ್ಪಿಯಂ ಎಂಬ ಹಳೆಯ ತಮಿಳು ವ್ಯಾಕರಣ ಗ್ರಂಥ ಒಂದೊಂದಾಗಿ ಹೇಳುತ್ತದೆ.

ಎರಡು ವಾದಗಳೂ ಸತ್ಯವೇ. ಆದರೆ ಎರಡರಲ್ಲಿ ಒಂದೂ ಬಂಡೆಯ ಮೇಲಿನ ಸವಾರನಿಗೆ ಸಂಬಂಧಿಸಿದುದಲ್ಲ. ಊರಿನ ಹೆಸರು ಊರನ್ನು ಕಟ್ಟಿದವರ ಮಾತನ್ನು ಹೇಳುತ್ತದೆ. ಪಕ್ಕದ ಗುಡ್ಡದ ಚಿತ್ರವನ್ನು ಬರೆದವರ ಮಾತನ್ನು ಹೇಳಲಾರದು. ಮಲ್ಲಚಂದ್ರದ ಗುಡ್ಡವನ್ನು ಮೋರಲ್ ಪಾರೈ ಎಂದು ಕರೆಯುತ್ತಾರೆ. ನಮ್ಮ ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಕಲ್ಲುಮನೆಗಳ ಬೆಟ್ಟ ಮೋರೇರ ಬೆಟ್ಟ. ಹೆಸರುಗಳ ಈ ಹೋಲಿಕೆ ಕಂಡು ನನ್ನ ಮನಸ್ಸೂ ಕುಣಿಯಿತು. ಆದರೆ ಪೆನ್ಸಿಲ್ ಜಾರಿದ ಗೆರೆಯ ನೆನಪು ಆ ಕುಣಿತವನ್ನು ನಿಲ್ಲಿಸಿತು. ಈ ಹೋಲಿಕೆಯನ್ನೂ ಬಲಗಡೆಯ ಸಾಲಿನಲ್ಲಿ ಬರೆದಿಟ್ಟಿದ್ದೇನೆ.

ಬರೆದವನು ಎಂದು ಇಷ್ಟು ಹೊತ್ತೂ ಹೇಳುತ್ತ ಬಂದೆನಲ್ಲ, ಅದೂ ಒಂದು ಊಹೆಯೇ. ಶಿವಮೊಗ್ಗ ಜಿಲ್ಲೆಯ ಸಾಗರ ಸೀಮೆಯಲ್ಲಿ ದೀವರ ಹೆಣ್ಣುಮಕ್ಕಳು ಮದುವೆಯ ಸಮಯದಲ್ಲಿ ಕೆಮ್ಮಣ್ಣು ಸಾರಿದ ಗೋಡೆಯ ಮೇಲೆ ಅಕ್ಕಿಯ ಬಿಳುಪಿನಿಂದ, ಪುಂಡಿನಾರಿನ ಕುಂಚ ಹಿಡಿದು ಹಸೆ ಚಿತ್ತಾರ ಬರೆಯುತ್ತಾರೆ. ಅವುಗಳಲ್ಲಿಯೂ ನೇರ ಗೆರೆಗಳಿಂದಲೇ ಕಟ್ಟಿದ ಮನುಷ್ಯಾಕೃತಿಗಳಿವೆ. ಬರೆದವಳ ಸಹಿ ಇಲ್ಲ. ನೀಲಗಿರಿಯಲ್ಲಿ ವೆಳ್ಳರಿಕೊಂಬೈ ಎಂಬ ಊರಿನ ಬಳಿಯ ಶಿಲಾಚಿತ್ರಗಳನ್ನು ಆಲು ಕುರುಂಬರು ತಮ್ಮ ಪೂರ್ವಿಕರ ಕೈಬರಹವೆಂದು ನಂಬುತ್ತಾರೆ. ಅವರಲ್ಲಿ ಚಿತ್ರ ಬರೆಯುವ ರೂಢಿ ಇಂದಿಗೂ ಉಳಿದಿದೆ. ಇಂತಹ ಜೀವಂತ ಸಂಪ್ರದಾಯವಿರುವಲ್ಲಿ ಅರ್ಥ ತಿಳಿಯಬಯಸುವವನು ಮೊದಲು ಕೇಳಬೇಕಾದುದು ಪಂಡಿತರನ್ನಲ್ಲ, ಬರೆಯುವವರನ್ನು. ನಮ್ಮ ಮನೆಗಳ ಹೊಸಿಲ ಮುಂದೆ ದಿನವೂ ಬಿಳಿಯ ಗೆರೆ ಎಳೆಯುವ ತಾಯಂದಿರನ್ನು, ಇದರ ಅರ್ಥವೇನೆಂದು ನಾವು ಎಂದಾದರೂ ಕೇಳಿದ್ದೇವೆಯೇ?

ಇಷ್ಟೆಲ್ಲ ಹೇಳಿದುದಕ್ಕೆ ಒಂದು ಕಾರಣವಿದೆ. ಈ ಚಿತ್ರಗಳು ನಮ್ಮ ವಾದಗಳು ಮುಗಿಯುವ ತನಕ ಕಾಯಲಾರವು. ಕೃಷ್ಣಗಿರಿ, ಧರ್ಮಪುರಿಗಳ ಬೆಟ್ಟಗಳು ಒಳ್ಳೆಯ ಗ್ರಾನೈಟಿಗೆ ಹೆಸರಾದವು. ಕಲ್ಲಿನ ಗಣಿಗಾರಿಕೆ ಈ ಸೀಮೆಯಲ್ಲಿ ವ್ಯಾಪಕವಾಗಿದೆ. ಚಿತ್ರವಿರುವ ಬಂಡೆಯೂ ಕಲ್ಲೊಡೆಯುವವನಿಗೆ ಬರಿಯ ಬಂಡೆಯೇ. ಇನ್ನೊಂದು ಕಡೆ, ಹೋಗಿಬರುವವರು ತಮ್ಮ ಹೆಸರುಗಳನ್ನು ಅದರ ಮೇಲೆಯೇ ಗೀಚುತ್ತಾರೆ. ಸಾವಿರಾರು ವರ್ಷ ಹೆಸರಿಲ್ಲದೆ ಉಳಿದುದರ ಮೇಲೆ ಒಂದು ಮಧ್ಯಾಹ್ನಕ್ಕೆ ಬಂದವನ ಹೆಸರು!

ಆದುದರಿಂದ ವಾಚಕ ಬಂಧುಗಳಲ್ಲಿ ಕೆಲವು ಅರಿಕೆಗಳು. ಮಕ್ಕಳನ್ನು ಈ ಸ್ಥಳಗಳಿಗೆ ಕರೆದೊಯ್ಯಿರಿ. ಚಿತ್ರ ಮಸುಕಾಗಿದೆಯೆಂದು ನೀರು ಚಿಮುಕಿಸಬೇಡಿರಿ. ಒಂದು ಕ್ಷಣ ಹೊಳಪು ಬಂದಂತೆ ಕಂಡರೂ ಬಣ್ಣದ ಕಣಗಳು ಸಡಿಲಾಗುತ್ತವೆ. ಸೀಮೆಸುಣ್ಣದಿಂದ ಗೆರೆಗಳನ್ನು ತಿದ್ದಬೇಡಿರಿ. ತಿದ್ದಿದ ಮೇಲೆ ಉಳಿಯುವುದು ನಿಮ್ಮ ಗೆರೆ, ಅವರದಲ್ಲ. ಕೈಯಿಂದ ಸವರಬೇಡಿರಿ, ಬೆರಳಿನ ಜಿಡ್ಡೂ ಬಣ್ಣಕ್ಕೆ ಶತ್ರು. ಮೊಬೈಲಿನಲ್ಲಿ ಚಿತ್ರ ತೆಗೆಯುವಾಗ ಪಕ್ಕದಲ್ಲಿ ಒಂದು ಅಳತೆಪಟ್ಟಿಯನ್ನು ಹಿಡಿಯಿರಿ, ದಿನಾಂಕವನ್ನೂ ಬರೆದಿಡಿರಿ. ಹೊಲದಲ್ಲಿ ಹೊಸದಾಗಿ ಏನಾದರೂ ಕಂಡರೆ ಧರ್ಮಪುರಿಯ ಅಥವಾ ಕೃಷ್ಣಗಿರಿಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ತಿಳಿಸಿರಿ. ಇವೆಲ್ಲಕ್ಕೂ ಪಾಂಡಿತ್ಯ ಬೇಡ. ಸ್ವಲ್ಪ ತಾಳ್ಮೆ ಸಾಕು.

ಮದುವೆ ಮುಗಿದ ಮೇಲೆ ಮತ್ತೊಮ್ಮೆ ಪಾಲಕೋಡಿಗೆ ಹೋಗಿದ್ದೆ. ಮೇಲೆ ಬರೆದುದನ್ನೆಲ್ಲ ಆ ಜಗಲಿಯ ಮೇಲೆಯೇ ಹೇಳಿದೆ. ಹಿರಿಯರು ಬಹಳ ಹೊತ್ತು ಸುಮ್ಮನಿದ್ದರು. ಕೊನೆಗೆ, "ಹಾಗಾದರೆ ಇದು ನಮ್ಮದೆಂದು ಹುಡುಗನಿಗೆ ತೋರಿಸಲು ಇಲ್ಲಿ ಏನಿದೆ?" ಎಂದರು. ಅವರ ಧ್ವನಿಯಲ್ಲಿದ್ದುದು ಇತಿಹಾಸದ ಕುತೂಹಲವಲ್ಲ. ತನ್ನ ಮಾತು ತನ್ನ ಮನೆಯಲ್ಲಿ ತನ್ನೊಡನೆಯೇ ಮುಗಿದುಹೋದೀತೆಂಬ ಅಂಜಿಕೆ. ನೊಳಂಬರ ರಾವುತನನ್ನು ಅವರು ಅಷ್ಟು ಗಟ್ಟಿಯಾಗಿ ಹಿಡಿದುಕೊಂಡದ್ದು ಏಕೆಂದು ನನಗೆ ಆಗ ಅರ್ಥವಾಯಿತು.

"ಸವಾರ ಯಾವ ಮಾತನ್ನಾಡಿದನೋ ತಿಳಿಯದು. ಆದರೆ ಅವನನ್ನು ಕಂಡುದನ್ನು ಹುಡುಗ ಯಾವ ಮಾತಿನಲ್ಲಿ ಹೇಳುತ್ತಾನೆಂಬುದು ನಿಮ್ಮ ಕೈಯಲ್ಲಿದೆ" ಎಂದೆ.

ಹುಡುಗ ನೋಟುಪುಸ್ತಕ ತಂದ. ಚಿತ್ರದ ಕೆಳಗೆ ಎರಡು ಸಾಲುಗಳನ್ನು ಆಗಲೇ ಎಳೆದಿದ್ದ. ಎಡಗಡೆಯದರಲ್ಲಿ ತಮಿಳಿನಲ್ಲಿ "ಕುದಿರೈ" ಎಂದು ಬರೆದಿದ್ದ. ತಾತ ಅದನ್ನು ಓದಿಸಿಕೊಂಡು ಕೇಳಿ, "ನಮ್ಮಲ್ಲಿ ಕುದುರೆ. ಹೆಚ್ಚು ದೂರವೇನೂ ಇಲ್ಲ" ಎಂದರು. ಪೆನ್ಸಿಲನ್ನು ಇಸಿದುಕೊಂಡು, ನಡುಗುವ ಕೈಯಿಂದ ಮೂರು ಅಕ್ಷರಗಳನ್ನು ಬರೆದು ತೋರಿಸಿದರು. ಹುಡುಗ ಅದರ ಕೆಳಗೆ ತಾನೂ ಬರೆದ. ನಡುವಿನ ಅಕ್ಷರದ ಕೊಂಬು ತುಸು ಹೆಚ್ಚೇ ಉದ್ದವಾಗಿ, ಕುದುರೆಯ ಬಾಲದಂತೆ ಹೊರಗೆ ಚಾಚಿಕೊಂಡಿತು.

"ಪೆನ್ಸಿಲ್ ಜಾರಿತೇ?" ಎಂದು ಕೇಳಿದೆ.

"ಇಲ್ಲ, ಈ ಸಲ ನಾನೇ ಬರೆದದ್ದು" ಎಂದ.